ಮೋಟಾರ್ ನ್ಯೂರಾನ್ ಕಾಯಿಲೆ: ಆಯುಷ್ಯದ ಲೆಕ್ಕ ಮತ್ತು ಮುನ್ನೋಟ

ರೋಗದ ಹೆಸರು ಕೇಳಿದ ಮನೆಯವರು ವೈದ್ಯರ ಮುಂದಿಡುವ ಮೊದಲ ಪ್ರಶ್ನೆ 'ಇನ್ನೆಷ್ಟು ದಿನ?' ಎಂಬುದು. ಮೋಟಾರ್ ನ್ಯೂರಾನ್ ಕಾಯಿಲೆಯ ವಿಷಯದಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ.

ಸ್ನಾಯುಗಳನ್ನು ನಡೆಸುವ ನರಕೋಶಗಳು ಮಿದುಳು ಹಾಗೂ ಬೆನ್ನುಹುರಿಯಲ್ಲಿ ಕ್ರಮೇಣ ನಶಿಸುವುದೇ ಈ ಕಾಯಿಲೆ. ಇದರ ಪ್ರಮುಖ ರೂಪವಾದ ಎ.ಎಲ್.ಎಸ್. ಅನ್ನು ಫ್ರಾನ್ಸಿನ ವೈದ್ಯ ಷಾರ್ಕೋ 19ನೇ ಶತಮಾನದ ಉತ್ತರಾರ್ಧದಲ್ಲಿ ವಿವರಿಸಿದರು. ಕೈ ಬಲ ಕುಂದುವುದು, ಕಾಲು ಎಡವುವುದು, ಮಾತು ತೊದಲುವುದು ಮೊದಲ ಲಕ್ಷಣಗಳು. ಸ್ಪರ್ಶಜ್ಞಾನ ಹಾಗೂ ಕಣ್ಣಿನ ಚಲನೆ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತವೆ. ಬಹುತೇಕ ರೋಗಿಗಳ ಸಾವಿಗೆ ಕಾರಣ ಉಸಿರಾಟದ ಸ್ನಾಯುಗಳು ಸೋಲುವುದು.

ಪಾಶ್ಚಾತ್ಯ ದೇಶಗಳ ಅಧ್ಯಯನಗಳಂತೆ ಎ.ಎಲ್.ಎಸ್. ರೋಗಿಗಳಲ್ಲಿ ಹೆಚ್ಚಿನವರು ಲಕ್ಷಣ ಕಾಣಿಸಿಕೊಂಡ 2ರಿಂದ 5 ವರ್ಷಗಳೊಳಗೆ ತೀರಿಕೊಳ್ಳುತ್ತಾರೆ. ಆದರೆ ನೂರರಲ್ಲಿ ಸುಮಾರು ಹತ್ತು ಮಂದಿ ಹತ್ತು ವರ್ಷ ದಾಟುತ್ತಾರೆ. ಅಮೆರಿಕದ ಬೇಸ್‌ಬಾಲ್ ಆಟಗಾರ ಲೂ ಗೆರಿಗ್ 1939ರಲ್ಲಿ ರೋಗ ಪತ್ತೆಯಾದ ಎರಡೇ ವರ್ಷಗಳಲ್ಲಿ ನಿಧನರಾದರು. ವಿಜ್ಞಾನಿ ಸ್ಟೀಫನ್ ಹಾಕಿಂಗ್‌ಗೆ 1963ರಲ್ಲಿ, 21ನೇ ವಯಸ್ಸಿನಲ್ಲಿ, ಎರಡು ವರ್ಷದ ಗಡುವು ಹೇಳಲಾಗಿತ್ತು. ಅವರು 2018ರವರೆಗೆ ಬದುಕಿದರು. ಹಾಕಿಂಗ್ ತೀರಾ ಅಪರೂಪದ ನಿದರ್ಶನ. ಅವರನ್ನು ತೋರಿಸಿ ರೋಗಿಗೆ ಭರವಸೆ ನೀಡುವುದು ಸರಿಯಲ್ಲ. ಎರಡು ವರ್ಷವೆಂದು ಷರಾ ಬರೆದುಬಿಡುವುದೂ ಸರಿಯಲ್ಲ.

ಮುನ್ನೋಟವನ್ನು ನಿರ್ಧರಿಸುವ ಅಂಶಗಳು ಕೆಲವಿವೆ. ಎಳೆ ವಯಸ್ಸಿನಲ್ಲಿ ಆರಂಭವಾದರೆ ಗತಿ ನಿಧಾನ. ಮಾತು, ನುಂಗುವಿಕೆಗಳ ತೊಂದರೆಯಿಂದ ಶುರುವಾದರೆ ಅವಧಿ ಕಡಿಮೆ. ಶೀಘ್ರ ತೂಕ ಇಳಿಯುವುದು ಹಾಗೂ ಉಸಿರಿನ ಸಾಮರ್ಥ್ಯ ಕುಸಿಯುವುದು ಕೆಟ್ಟ ಸೂಚನೆಗಳು. ಕಳೆದ ಕೆಲವು ತಿಂಗಳಲ್ಲಿ ರೋಗ ಎಷ್ಟು ಮುಂದುವರಿದಿದೆ ಎಂಬುದು ಮುಂದಿನ ಗತಿಗೆ ಒಳ್ಳೆಯ ದಿಕ್ಸೂಚಿ. ಆದ್ದರಿಂದಲೇ ಅನುಭವಿ ವೈದ್ಯರು ಮೊದಲ ಭೇಟಿಯಲ್ಲೇ ವರ್ಷಗಳ ಲೆಕ್ಕ ಹೇಳಲು ಹಿಂಜರಿಯುತ್ತಾರೆ.

ನಮ್ಮ ಭಾಗದ ಚಿತ್ರ ಸ್ವಲ್ಪ ಭಿನ್ನ. ಬೆಂಗಳೂರಿನ ನಿಮ್ಹಾನ್ಸ್ ಮೂವತ್ತು ವರ್ಷಗಳಲ್ಲಿ ಕಂಡ 1,153 ಎ.ಎಲ್.ಎಸ್. ರೋಗಿಗಳ ವಿವರವನ್ನು 2008ರಲ್ಲಿ ಪ್ರಕಟಿಸಿತು. ರೋಗ ಆರಂಭದ ಸರಾಸರಿ ವಯಸ್ಸು ಸುಮಾರು 46. ಬದುಕಿದ ಅವಧಿಯೂ ಪಾಶ್ಚಾತ್ಯರಿಗಿಂತ ಗಣನೀಯವಾಗಿ ಹೆಚ್ಚು. ಅಲ್ಲದೆ, ಯುವಕರ ಒಂದೇ ಕೈ ಅಥವಾ ಕಾಲು ಸೊರಗಿ, ಕೆಲವು ವರ್ಷಗಳ ನಂತರ ಅಲ್ಲಿಗೇ ನಿಲ್ಲುವ ರೂಪವನ್ನೂ ಇದೇ ಸಂಸ್ಥೆಯ ವೈದ್ಯರು 1984ರಲ್ಲಿ ವರದಿ ಮಾಡಿದರು. ಇದರಿಂದ ಆಯುಷ್ಯಕ್ಕೆ ಧಕ್ಕೆಯಿಲ್ಲ. ಕಿವುಡುತನದೊಂದಿಗೆ ಎಳೆಯರಲ್ಲಿ ಕಾಣುವ 'ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ'ಯೂ ನಿಧಾನಗತಿಯದು. ಆದ್ದರಿಂದ ಯಾವ ರೂಪ ಎಂಬುದು ಖಚಿತವಾಗುವ ಮುನ್ನ ಎದೆಗುಂದಬೇಕಿಲ್ಲ.

ಗುಣಪಡಿಸುವ ಔಷಧ ಇನ್ನೂ ಇಲ್ಲ. 1995ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ರಿಲುಜೋಲ್ ಮಾತ್ರೆ ಪ್ರಯೋಗಗಳಲ್ಲಿ ಆಯುಷ್ಯವನ್ನು ಎರಡು ಮೂರು ತಿಂಗಳು ಹೆಚ್ಚಿಸಿತು. 2023ರಲ್ಲಿ ಬಂದ ಟೋಫರ್ಸೆನ್, ಎಸ್‌ಒಡಿ1 ಎಂಬ ವಂಶವಾಹಿಯ ದೋಷವಿರುವ ಕೆಲವೇ ರೋಗಿಗಳಿಗೆ ಸೀಮಿತ. ಮುಖವಾಡದ ಮೂಲಕ ಉಸಿರಿಗೆ ಒತ್ತಾಸೆ ನೀಡುವ ಯಂತ್ರವೇ ಅನೇಕರಿಗೆ ಮಾತ್ರೆಗಿಂತ ಹೆಚ್ಚು ಕಾಲ ನೀಡುತ್ತದೆ. ರಾತ್ರಿಯ ನಿದ್ದೆಯೂ ಸುಧಾರಿಸುತ್ತದೆ. ಹೊಟ್ಟೆಗೆ ನೇರವಾಗಿ ಆಹಾರ ನೀಡುವ ನಳಿಕೆಯನ್ನು ಉಸಿರಾಟ ತೀರಾ ಕ್ಷೀಣಿಸುವ ಮೊದಲೇ ಅಳವಡಿಸುವುದು ಸುರಕ್ಷಿತ.

ಗಂಟಲಿಗೆ ರಂಧ್ರ ಮಾಡಿ ವೆಂಟಿಲೇಟರ್ ಜೋಡಿಸಿದರೆ ವರ್ಷಗಟ್ಟಲೆ ಬದುಕಬಹುದು, ಆದರೆ ಹಗಲಿರುಳು ಆರೈಕೆ ಬೇಕು, ವೆಚ್ಚವೂ ಅಪಾರ. ಇದು ಬೇಕೇ ಬೇಡವೇ ಎಂಬುದನ್ನು ಮಾತು ನಿಲ್ಲುವ ಮುನ್ನ ರೋಗಿಯನ್ನೇ ಕೇಳಬೇಕು. ಇಂಥ ಇಚ್ಛೆಯನ್ನು ಮುಂಚಿತವಾಗಿ ಬರೆದಿಡುವುದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ನೀಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಅದರ ಜಾರಿಗೆ ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.