ಪಿಂಗಾಣಿಯಲ್ಲಿ ಉಳಿದ ಸಮರ

ಅಥಣಿ ತಾಲೂಕಿನ ನಮ್ಮ ಅನಂತಪುರದ ಕಡೆ ಪಿಂಗಾಣಿ ಎಂದೊಡನೆ ನೆನಪಾಗುವುದು ಉಪ್ಪಿನಕಾಯಿಯ ಭರಣಿ, ಇಲ್ಲವೆ ಚಹದ ಕಪ್ಪು-ಬಸಿ. ಉಣ್ಣುವ ತಟ್ಟೆಯ ಮೇಲೆ ದಂಡಿನ ಚಿತ್ರ ಬರೆಯಿಸುವ ಹಂಬಲ ರಷ್ಯದ ಚಕ್ರವರ್ತಿಗಳದು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 1744ರಲ್ಲಿ ಆರಂಭವಾದ ಅರಮನೆಯ ಕಾರ್ಖಾನೆ, ಒಂದನೆಯ ನಿಕೊಲಸನ ಕಾಲದಲ್ಲಿ ತಟ್ಟೆಯ ನಡುವೆ ಸಮವಸ್ತ್ರದ ಸೈನಿಕರನ್ನೂ, ಅಂಚಿನಲ್ಲಿ ನಮ್ಮ ಗಂಡಭೇರುಂಡದ ದಾಯಾದಿಯಂತಿರುವ ಎರಡು ತಲೆಯ ಹದ್ದನ್ನೂ ಬಂಗಾರದ ಮೆರುಗಿನೊಡನೆ ಬರೆಯಿಸಿತು. ಬಲ್ಲ ಸಂಗ್ರಾಹಕರು ಮುಖ ನೋಡುವ ಮೊದಲು ತಟ್ಟೆಯನ್ನು ಮಗುಚಿ, ಬೆನ್ನ ಮೇಲಿನ ಮುದ್ರೆಯನ್ನು ಓದುತ್ತಾರೆ.

ನಮ್ಮ ನಾಡಿನ ಸಮರವೂ ಹೀಗೆ ಮಣ್ಣಿಗಿಳಿದಿದೆ. ಇಳಿಸಿದವರು ಮಾತ್ರ ಪರರು. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಳಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಸೈನ್ಯವನ್ನು ಮುರಿದರು. ಸಮೀಪದಲ್ಲೇ ಇದ್ದ ಸರ್ ಹೆಕ್ಟರ್ ಮನ್ರೋ ತನ್ನ ಭಾರಿ ತೋಪುಗಳನ್ನು ಕಂಚಿಯ ಕೊಳಕ್ಕೆ ನೂಕಿ ಮದರಾಸಿನತ್ತ ಹಿಂದೆಗೆದ. ಹನ್ನೆರಡು ವರ್ಷಗಳ ಮೇಲೆ, 1792ರ ಡಿಸೆಂಬರಿನಲ್ಲಿ, ಬಂಗಾಳದ ಸಾಗರದ್ವೀಪದಲ್ಲಿ ಬೇಟೆಗೆ ಹೋದ ಅವನ ಮಗನನ್ನು ಹುಲಿ ಹೊತ್ತೊಯ್ದಿತು. ಅದು ಕಾಡಿನ ಹುಲಿ, ಮೈಸೂರಿನದಲ್ಲ. ಆದರೆ ಹುಲಿ ಟಿಪ್ಪುವಿನ ಲಾಂಛನ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಬಿಳಿಯನನ್ನು ಕೆಡವಿ ನಿಂತ ಅವನ ಮರದ ಹುಲಿ ಲಂಡನ್ನಿಗೆ ಹೋಗಿ ಜನರ ಕಣ್ಣು ಸೆಳೆಯಿತು. ಎರಡು ಹುಲಿಗಳೂ ಜನಮನದಲ್ಲಿ ಬೆರೆತುವೋ ಏನೋ! ಮುಂದಿನ ದಶಕಗಳಲ್ಲಿ ಸ್ಟಾಫರ್ಡ್‌ಶೈರಿನ ಕುಂಬಾರರು, ಮನ್ರೋನ ತಲೆಯನ್ನು ಬಾಯಲ್ಲಿ ಹಿಡಿದ ಹುಲಿಯ ಬೊಂಬೆ ಮಾಡಿ ಮಾರಿದರು. ಅದು ಅಪ್ಪಟ ಪಿಂಗಾಣಿಯಲ್ಲ, ಬಣ್ಣ ಬಳಿದ ಸುಟ್ಟ ಮಣ್ಣು. ಪೀಠದ ಮೇಲೆ ಬರೆದ ಸತ್ತವನ ಹೆಸರಿನಲ್ಲಿ ಕೊನೆಗೊಂದು ಅಕ್ಷರ ಹೆಚ್ಚಾಗಿದೆ. ಇಂದು ಸಂಗ್ರಾಹಕರು ಅದನ್ನು ಆ ತಪ್ಪಿನ ಸಮೇತ ಅಪೂರ್ವ ವಸ್ತುವೆಂದು ಕಾಪಾಡುತ್ತಾರೆ. ಮಗನನ್ನು ಕಳೆದುಕೊಂಡ ತಂದೆಯ ದುಃಖ ಹೀಗೆ ಕಪಾಟಿನ ಅಲಂಕಾರವಾದುದು ನನಗೆ ಹಿತವೆನಿಸುವುದಿಲ್ಲ.

ಟಿಪ್ಪುವಿಗೂ ಪಿಂಗಾಣಿ ದೊರೆಯಿತು, ಬೇರೊಂದು ದಾರಿಯಿಂದ. 1788ರಲ್ಲಿ ಅವನ ಮೂವರು ರಾಯಭಾರಿಗಳು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡು ಸೈನಿಕ ಮೈತ್ರಿಯನ್ನು ಬೇಡಿದರು. ಮೈತ್ರಿ ಕೈಗೂಡಲಿಲ್ಲ, ಸೆವ್ರ್ ಕಾರ್ಖಾನೆಯ ಪಿಂಗಾಣಿ ಉಡುಗೊರೆಯಾಗಿ ಬಂತು.

ಹಾಗಾದರೆ ಗೆದ್ದ ಪೊಳ್ಳಿಲೂರನ್ನು ಅವನು ಎಲ್ಲಿ ನೆನಪಿಗಿಟ್ಟ? ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ. ಪಲ್ಲಕ್ಕಿಯಲ್ಲಿ ಕುಳಿತ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಕುದುರೆಗಳ ಸಾಲು ಅಲ್ಲಿವೆ. ಆ ಚಿತ್ರ ಮಸಕಾದಾಗ, ಹತ್ತೊಂಬತ್ತನೆಯ ಶತಮಾನದ ನಡುವೆ, ಅದನ್ನು ಮತ್ತೆ ಬರೆಯಿಸಿದವನು ಗವರ್ನರ್ ಜನರಲ್ ಡಾಲ್‌ಹೌಸಿ.