ಬೆಳಕಿನ ಲೆಕ್ಕ, ಬಿಸಿಯ ಲೆಕ್ಕ

ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಗುಮಟಾಪುರದಲ್ಲಿ ಗೊರೆಹಬ್ಬ. ಮನೆಮನೆಯ ಕೊಟ್ಟಿಗೆಯಿಂದ ಬಂದ ಸಗಣಿ ಬೀರೇಶ್ವರ ದೇವಸ್ಥಾನದ ಬಳಿ ರಾಶಿ ಬೀಳುತ್ತದೆ. ಹಾಗೆಯೇ ನಿಮ್ಮ ಹಿತ್ತಿಲ ತಿಪ್ಪೆಯನ್ನೂ ಒಮ್ಮೆ ನೆನೆಸಿಕೊಳ್ಳಿ. ಚಳಿಗಾಲದ ಬೆಳಗ್ಗೆ ಮೇಲೆ ಮುಟ್ಟಿದರೆ ತಣ್ಣಗಿರುತ್ತದೆ. ಗುದ್ದಲಿಯಿಂದ ಕೆದಕಿದರೆ ಒಳಗಿನಿಂದ ಹಬೆ ಏಳುತ್ತದೆ. ಒಳಗಿನ ಬಿಸಿ ಹೊರಗೆ ಗೊತ್ತಾಗುವುದಿಲ್ಲ. ಈ ಮಾತು ಮನಸ್ಸಿನಲ್ಲಿರಲಿ. ವಿದ್ಯುತ್ತು, ಬೆಳಕು, ಬಿಸಿ ಈ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಲು ಮನುಷ್ಯ ಹೇಗೆ ಕಲಿತ ಎಂಬುದೇ ಇಂದಿನ ಚರಿತ್ರೆ.

ನಮ್ಮ ಬೆಟ್ಟದ ಆಚೆ, ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರ ಜೂನ್ ತಿಂಗಳಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದೇ ವಿದ್ಯುತ್ತು ಬೆಳಕಾಯಿತು. ಮುಂದೆ ನಮ್ಮ ಮನೆಗಳಲ್ಲಿ ಬಹುಕಾಲ ಉರಿದದ್ದು ತಂತಿಯ ಬಲ್ಬು. ಅದರಲ್ಲಿ ಬಿಸಿಯೇ ಬೆಳಕಿನ ತಾಯಿ. ವಿದ್ಯುತ್ತು ತಂತಿಯನ್ನು ಕಾಯಿಸುತ್ತದೆ, ಕಾದ ತಂತಿ ಬೆಳಗುತ್ತದೆ. 100 ಪಾಲು ವಿದ್ಯುತ್ತಿನಲ್ಲಿ ಬೆಳಕಾಗುವುದು ಸುಮಾರು 5 ಪಾಲು ಮಾತ್ರ, ಉಳಿದುದೆಲ್ಲ ಬಿಸಿ.

1962ರಲ್ಲಿ ಈ ಕಥೆ ತಿರುಗಿತು. ಆ ವರ್ಷ ಅಮೆರಿಕದ ರಾಬರ್ಟ್ ಹಾಲ್ ಮತ್ತು ಸಂಗಡಿಗರು ಅರೆವಾಹಕದ ಹರಳಿನಿಂದ ಲೇಸರ್ ಕಿರಣ ಹೊರಡಿಸಿದರು. ಅದೇ ವರ್ಷ ನಿಕ್ ಹೊಲೊನ್ಯಾಕ್ ಎಂಬುವರು ಅಂಥದೇ ಹರಳಿನಿಂದ ಕಣ್ಣಿಗೆ ಕಾಣುವ ಕೆಂಪು ಬೆಳಕು ಪಡೆದರು. ಇಲ್ಲಿ ತಂತಿ ಕಾಯಬೇಕಾಗಿಲ್ಲ. ವಿದ್ಯುತ್ತು ನೇರವಾಗಿ ಬೆಳಕಾಗುತ್ತದೆ. ಆದರೆ ಎಲ್ಲವೂ ಬೆಳಕಾಗುವುದಿಲ್ಲ. ಉಳಿದ ಪಾಲು ಬಿಸಿಯಾಗಿ ಹರಳಿನೊಳಗೇ ನಿಲ್ಲುತ್ತದೆ. ಹರಳು ಕಾದಷ್ಟೂ ಲೇಸರ್ ಹೊರಡಲು ಹೆಚ್ಚು ವಿದ್ಯುತ್ತು ಬೇಕು. ಹೆಚ್ಚು ವಿದ್ಯುತ್ತು ಕೊಟ್ಟರೆ ಹರಳು ಇನ್ನಷ್ಟು ಕಾಯುತ್ತದೆ. ಹಾಲ್ ಅವರ ಲೇಸರನ್ನು ದ್ರವ ಸಾರಜನಕದಿಂದ ತಣಿಸಬೇಕಾಗಿತ್ತು, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಹಾಗಿದ್ದೂ ಅದು ಬಿಟ್ಟುಬಿಟ್ಟು ಮಿನುಗುತ್ತಿತ್ತು. ತಾಯಿಯಾಗಿದ್ದ ಬಿಸಿ ಇಲ್ಲಿ ಹಗೆಯಾಯಿತು.

ಸಾಧಾರಣ ಕೋಣೆಯ ಬಿಸಿಯಲ್ಲಿ ಎಡೆಬಿಡದೆ ಬೆಳಗುವ ಲೇಸರ್ ಬರಲು 8 ವರ್ಷ ಹಿಡಿಯಿತು. 1970ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಜೋರೆಸ್ ಆಲ್ಫೆರೋವ್ ತಂಡ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹಯಾಶಿ ಮತ್ತು ಪ್ಯಾನಿಶ್ ಅದನ್ನು ಸಾಧಿಸಿದರು. ಬೇರೆ ಬೇರೆ ವಸ್ತುಗಳ ಪದರಗಳ ನಡುವೆ ಒಂದು ತೆಳು ಪದರವಿಟ್ಟು, ವಿದ್ಯುತ್ತನ್ನೂ ಬೆಳಕನ್ನೂ ಅಲ್ಲಿಯೇ ಕಟ್ಟಿಹಾಕಿದರು. ಕಡಿಮೆ ವಿದ್ಯುತ್ತು ಸಾಕಾಯಿತು, ಬಿಸಿಯೂ ಇಳಿಯಿತು. ಇಂದು ಗಾಜಿನ ಎಳೆಯಲ್ಲಿ ನಮ್ಮ ಫೋನಿನ ಮಾತು ಹೊತ್ತು ಓಡುವ ಬೆಳಕು ಆ ವಂಶದ್ದೇ.

ಇಂಥ ಪದರಗಳನ್ನು ಪ್ರತಿ ಬಾರಿಯೂ ಮಾಡಿ, ಸುಟ್ಟು, ಮತ್ತೆ ಮಾಡಿ ನೋಡುವುದು ದುಬಾರಿ. ಮೊದಲೇ ಲೆಕ್ಕ ಹಾಕಿ ನೋಡಬಾರದೇ? ಸೂತ್ರಗಳಿದ್ದವು. ಬಿಸಿ ಹರಿಯುವ ರೀತಿಯನ್ನು ಫ್ರಾನ್ಸಿನ ಫೂರಿಯೆ 1822ರಲ್ಲೇ ಬರೆದಿದ್ದರು. ಬೆಳಕಿನ ಅಲೆಯ ಸೂತ್ರಗಳನ್ನು ಮ್ಯಾಕ್ಸ್‌ವೆಲ್ 1865ರಲ್ಲಿ ಕೊಟ್ಟಿದ್ದರು. 1964ರಲ್ಲಿ ಹರ್ಮನ್ ಗುಮೆಲ್ ಟ್ರಾನ್ಸಿಸ್ಟರಿನೊಳಗಿನ ವಿದ್ಯುತ್ತಿನ ಲೆಕ್ಕವನ್ನು ಗಣಕಯಂತ್ರದಿಂದ ಬಿಡಿಸುವ ದಾರಿ ತೋರಿಸಿದರು. 1966ರಲ್ಲಿ ಕೇನ್ ಯೀ ಬೆಳಕಿನ ಅಲೆಯನ್ನು ಚೌಕ ಚೌಕವಾಗಿ, ಕ್ಷಣ ಕ್ಷಣವಾಗಿ ಲೆಕ್ಕ ಹಾಕುವ ಕ್ರಮ ಕೊಟ್ಟರು. ಆದರೆ ಇವು ಬೇರೆ ಬೇರೆ ಪುಸ್ತಕಗಳು, ಬೇರೆ ಬೇರೆ ಪಂಡಿತರು. ಹರಳಿನೊಳಗೆ ಮೂರೂ ಒಂದೇ ಮನೆಯಲ್ಲಿವೆ.

ಗಡಿಯಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿಂಬಂ ಘಾಟಿಯಲ್ಲಿ ಲಾರಿ ಸಿಕ್ಕಿಕೊಂಡರೆ ತಾಳವಾಡಿಯಲ್ಲಿ ತರಕಾರಿ ಬೆಲೆ ಬದಲಾಗುತ್ತದೆ. ಚಾಮರಾಜನಗರದ ಕಡೆ ಮಳೆಯಾದರೂ ಬದಲಾಗುತ್ತದೆ. ಒಂದು ಕಡೆಯ ಲೆಕ್ಕ ಮಾತ್ರ ಇಟ್ಟವನು ಮೋಸ ಹೋಗುತ್ತಾನೆ.

ಮೂರನ್ನೂ ಒಟ್ಟುಗೂಡಿಸುವುದು ಹೇಗೆ? ನಮ್ಮ ಹೆಂಗಸರು ಸಾರು ಹದ ಮಾಡುವಂತೆ. ಉಪ್ಪು ಹಾಕಿ ರುಚಿ ನೋಡುತ್ತಾರೆ, ಹುಳಿ ಸೇರಿಸುತ್ತಾರೆ, ಆಗ ಉಪ್ಪು ಸಾಲದೆನಿಸುತ್ತದೆ, ಖಾರ ತಗ್ಗುತ್ತದೆ, ಮತ್ತೆ ನೋಡುತ್ತಾರೆ. ಗಣಕಯಂತ್ರವೂ ಮೊದಲು ವಿದ್ಯುತ್ತನ್ನು ಅಂದಾಜು ಮಾಡುತ್ತದೆ. ಅದರಿಂದ ಬೆಳಕು, ಉಳಿದುದರಿಂದ ಬಿಸಿ. ಬಿಸಿ ತಿಳಿದ ಮೇಲೆ ಹಿಂದಿರುಗಿ ವಿದ್ಯುತ್ತಿನ ಲೆಕ್ಕ ತಿದ್ದುತ್ತದೆ. ಅಂಕಿಗಳು ಕದಲದೆ ನಿಲ್ಲುವವರೆಗೂ ಹೀಗೆಯೇ ಸುತ್ತು.

ಆ ಲೆಕ್ಕ ನಿಜವೇ ಎಂದು ನೋಡುವುದು ಹೇಗೆ? ಕೂದಲೆಳೆಗಿಂತ ತೆಳುವಾದ ಪದರದೊಳಗೆ ಉಷ್ಣಮಾಪಕ ಹೋಗದು. ಇಲ್ಲಿ ನೆರವಾಗುವವರು ತಿರುಚಿರಾಪಳ್ಳಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಸಿ. ವಿ. ರಾಮನ್. ವಸ್ತುವಿಗೆ ತಾಗಿ ಚದುರಿದ ಬೆಳಕಿನ ಒಂದು ಸಣ್ಣ ಪಾಲು ಬಣ್ಣ ಬದಲಿಸುತ್ತದೆ ಎಂದು ಅವರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1970ರಲ್ಲಿ ಅದೇ ಊರಿನಲ್ಲಿ ಕಣ್ಣುಮುಚ್ಚಿದರು. ಬಣ್ಣದ ಆ ಬದಲಾವಣೆ ವಸ್ತುವಿನ ಬಿಸಿಯನ್ನೂ ಅವಲಂಬಿಸುತ್ತದೆ. ಆದ್ದರಿಂದ ಕೆಲಸ ಮಾಡುತ್ತಿರುವ ಹರಳನ್ನು ಮುಟ್ಟದೆಯೇ, ಚದುರಿ ಬಂದ ಬೆಳಕಿನಿಂದ ಅದರ ಬಿಸಿಯನ್ನು ಅಳೆಯುತ್ತಾರೆ. ಅಳತೆಯೂ ಲೆಕ್ಕವೂ ಹೊಂದದಿದ್ದರೆ ಲೆಕ್ಕವನ್ನೇ ತಿದ್ದಬೇಕು.

ಈಗ ಬಿಸಿಯನ್ನು ಆಳಾಗಿಯೂ ದುಡಿಸುತ್ತಾರೆ. ಸಿಲಿಕಾನ್ ಬಿಲ್ಲೆಯ ಮೇಲಿನ ಬೆಳಕಿನ ದಾರಿಯ ಪಕ್ಕದಲ್ಲಿ ಪುಟ್ಟ ಒಲೆಯಂಥ ತಂತಿಯಿಟ್ಟು, ಬೇಕಾದ ಬಣ್ಣಕ್ಕೆ ಹದ ಮಾಡುತ್ತಾರೆ. ಆದರೆ ಪಕ್ಕದ ದಾರಿಗೂ ಆ ಕಾವು ತಾಗುತ್ತದೆ. ಅದಕ್ಕೂ ಲೆಕ್ಕ ಬೇಕು.

ಇದೆಲ್ಲ ದೂರದ ಮಾತಲ್ಲ. ಸೌರಫಲಕ ಬೆಳಕನ್ನು ವಿದ್ಯುತ್ತಾಗಿಸುತ್ತದೆ. ಆದರೆ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಅದರ ಶಕ್ತಿ 100ಕ್ಕೆ ಸುಮಾರು 0.4ರಷ್ಟು ಕುಗ್ಗುತ್ತದೆ. ಫಲಕ 60 ಡಿಗ್ರಿ ಕಾದರೆ 14ರಷ್ಟು ನಷ್ಟ. ಆದ್ದರಿಂದ ಅದನ್ನು ಛಾವಣಿಗೆ ಅಂಟಿಸದೆ, ಕೆಳಗೆ ಗಾಳಿಯಾಡಲು ಜಾಗ ಬಿಡಿ. ಎಲ್‌ಇಡಿ ಬಲ್ಬನ್ನು ಗಾಳಿಯಾಡದ ಮುಚ್ಚಿದ ಗೂಡಿನಲ್ಲಿ ಹಾಕಬೇಡಿ. ಅದು ಬೇಗ ಕೆಟ್ಟರೆ ಕರೆಂಟನ್ನು ಬೈಯುವ ಮೊದಲು ತಿಪ್ಪೆಯನ್ನು ನೆನೆಯಿರಿ. ಒಳಗಿನ ಬಿಸಿ ಹೊರಗೆ ಕಾಣುವುದಿಲ್ಲ.