ಅಧಿಕಾರ ಕೆಳಗೆ ಇಳೀತದೆ ಸರಿ, ಯಾರ ಕೈಗೆ ಇಳೀತದೆ?



ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಕೊನೆ ತನಕ ಓದಿ.

ಹೋದ ವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಒಂದು ವಿಶ್ವವಿದ್ಯಾಲಯದ ಸಾರ್ವಜನಿಕ ಉಪನ್ಯಾಸಕ್ಕೆ ಹೋಗಿದ್ದೆ. ವಿಷಯ ಚುನಾವಣೆ, ವಿಕೇಂದ್ರೀಕರಣ, ಸಂವಿಧಾನ ತಿದ್ದುಪಡಿ. ಭಾಷಣಕಾರರು ಓದಿಕೊಂಡವರು, ಚೆನ್ನಾಗಿಯೇ ಮಾತಾಡಿದರು. ಕೇಂದ್ರ ರಾಜ್ಯಗಳ ಸಂಬಂಧ, ತೆರಿಗೆ ಪಾಲು, ಕ್ಷೇತ್ರ ಮರುವಿಂಗಡಣೆ ಎಲ್ಲಾ ಬಂತು. ಕೊನೆಗೆ, ಅಧಿಕಾರ ಹಳ್ಳಿಗೆ ಇಳಿದರೆ ಮಾತ್ರ ಪ್ರಜಾಪ್ರಭುತ್ವ ಉಳಿಯುತ್ತೆ ಅಂದರು. ಜೋರು ಚಪ್ಪಾಳೆ. ನಾನು ಕೈ ಎತ್ತಿ, "ಸರ್, ಹಳ್ಳಿಯಲ್ಲಿ ಯಾರ ಕೈಗೆ?" ಅಂತ ಕೇಳಿದೆ. ನಿರೂಪಕರು ಗಡಿಯಾರ ನೋಡಿದರು. ಸಮಯ ಇಲ್ಲ, ಹೊರಗಡೆ ಚಹಾ ಇದೆ ಅಂದರು.

ಚಹಾ ಕುಡಿದು ಬಂದೆ. ಆದರೆ ಆ ಪ್ರಶ್ನೆ ನನ್ನದಲ್ಲ. ನೂರು ವರ್ಷದ ಹಿಂದೆಯೇ ಬಾಬಾಸಾಹೇಬರು ಕೇಳಿದ ಪ್ರಶ್ನೆ. ಅದರ ಇತಿಹಾಸ ನಮ್ಮ ಹುಡುಗರಿಗೆ ಗೊತ್ತಿರಲಿ ಅಂತ ಬರೀತಿದ್ದೀನಿ.

ಮೊದಲು 1919. ಬ್ರಿಟಿಷರು ಪ್ರಾಂತ್ಯಗಳಿಗೆ ಒಂದಿಷ್ಟು ಅಧಿಕಾರ ಬಿಟ್ಟುಕೊಡುವ ಮಾಂಟೆಗು ಚೆಲ್ಮ್ಸ್‌ಫರ್ಡ್ ಸುಧಾರಣೆ ತರ್ತಿದ್ದರು. ಯಾರಿಗೆ ಓಟು ಕೊಡಬೇಕು ಅಂತ ತೀರ್ಮಾನಿಸಲು ಸೌತ್‌ಬರೋ ಸಮಿತಿ ಮಾಡಿದರು. ಆ ವರ್ಷ ಜನವರಿಯಲ್ಲಿ ಬಾಬಾಸಾಹೇಬರು ಸಮಿತಿ ಮುಂದೆ ಹೇಳಿಕೆ ಕೊಟ್ಟರು. ಆಗ ಅವರಿಗೆ 27 ವರ್ಷ. ಬಾಂಬೆಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್. ಅವರ ವಾದದ ತಿರುಳು ಇಷ್ಟು: ಆಸ್ತಿ ನೋಡಿ ಓಟು ಕೊಟ್ಟರೆ ಅಸ್ಪೃಶ್ಯರಿಗೆ ಓಟೇ ಸಿಗಲ್ಲ, ಯಾಕಂದ್ರೆ ಆಸ್ತಿ ಮಾಡೋಕೆ ಬಿಟ್ಟಿಲ್ಲ. ನಮ್ಮ ಮಾತು ನಾವೇ ಆಡಬೇಕು, ಬೇರೆಯವರು ನಮ್ಮ ಪರವಾಗಿ ಆಡೋದು ಪ್ರಾತಿನಿಧ್ಯ ಅಲ್ಲ.

ಅಧಿಕಾರ ಇಳೀತು. ಆದರೆ ಬಾಂಬೆ ಶಾಸನಸಭೆಯಲ್ಲಿ ನಮ್ಮವರಿಗೆ ಸಿಕ್ಕಿದ್ದು ಸರ್ಕಾರ ಕರೆದು ಕೂರಿಸುವ ನಾಮನಿರ್ದೇಶನ. 1927ರಲ್ಲಿ ಬಾಬಾಸಾಹೇಬರು ಒಳಗೆ ಹೋಗಿದ್ದೂ ಹಾಗೇ. ನಾಮನಿರ್ದೇಶನ ಅಂದರೆ ಏನು ಅಂತ ಆ ಕುರ್ಚಿಯಲ್ಲಿ ಕೂತು ನೋಡಿದವರು ಅವರು. ಮುಂದಿನ ವರ್ಷ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಓಟು ಬೇಕು ಅಂತ ಕೇಳಿದರು.

ಇನ್ನು 1932. ಇಸವಿ ಹೇಳಿದ ತಕ್ಷಣ ನಮಗೆಲ್ಲ ಸೆಪ್ಟೆಂಬರ್ 24ರ ಪುಣೆ ಒಪ್ಪಂದ ನೆನಪಾಗುತ್ತೆ. ಪ್ರತ್ಯೇಕ ಮತಕ್ಷೇತ್ರ ಹೋಯ್ತು, ಬದಲಿಗೆ ಪ್ರಾಂತ್ಯಗಳಲ್ಲಿ ಒಟ್ಟು 148 ಮೀಸಲು ಸ್ಥಾನ ಬಂತು. ಅದಾಗಿ 12 ದಿನಕ್ಕೆ, ಅಕ್ಟೋಬರ್ 6ಕ್ಕೆ, ಬಾಂಬೆ ಶಾಸನಸಭೆಯಲ್ಲಿ ಗ್ರಾಮ ಪಂಚಾಯಿತಿ ಮಸೂದೆ ಮೇಲೆ ಅವರು ಮಾತಾಡಿದರು. ಇದನ್ನ ನೆನೆಯೋರು ಕಡಿಮೆ. ಪಂಚಾಯಿತಿಗೆ ನ್ಯಾಯ ತೀರ್ಮಾನದ ಅಧಿಕಾರ ಕೊಡಬೇಡಿ ಅಂದರು. ಊರಲ್ಲಿ ಜಾತಿ ಜಗಳ ಆದಾಗ ಆ ಜಾತಿಯವರೇ ಜಡ್ಜ್ ಆದರೆ ನಮ್ಮ ಗತಿ ಏನು? ಎಲ್ಲರಿಗೂ ಓಟು ಕೊಟ್ಟರೂ ಸಾಲದು ಅಂತಲೂ ಹೇಳಿದರು. ಒಂದೊಂದು ಊರಲ್ಲೂ ನಮ್ಮ ಮನೆಗಳು ಬೆರಳೆಣಿಕೆ. ಸೀಟು ಮೀಸಲಿಡದಿದ್ದರೆ ನಾವು ಓಟು ಹಾಕಬಹುದು ಅಷ್ಟೇ, ಗೆಲ್ಲೋಕಾಗಲ್ಲ.

ಈಗ 1939ಕ್ಕೆ ಬರೋಣ. ನಾನು ಕೇಳಿ ಬಂದಂಥ ಉಪನ್ಯಾಸ ಆಗಲೂ ಇತ್ತು. ಪುಣೆಯ ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆಯಲ್ಲಿ, ಅದರ ಸಂಸ್ಥಾಪಕ ಕಾಳೆಯವರ ಹೆಸರಿನ ಉಪನ್ಯಾಸ. ಜನವರಿ 29ರಂದು ಅಲ್ಲಿ ಮಾತಾಡಲು ಬಾಬಾಸಾಹೇಬರನ್ನ ಕರೆದಿದ್ದರು. ಮೂರು ವರ್ಷದ ಹಿಂದೆ ಇದೇ ಬಾಬಾಸಾಹೇಬರನ್ನ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಭಾಷಣಕ್ಕೆ ಕರೆದು, ಬರೆದಿದ್ದನ್ನ ನೋಡಿ ಹೆದರಿ ಸಭೆಯನ್ನೇ ರದ್ದು ಮಾಡಿತ್ತು. 'ಜಾತಿ ವಿನಾಶ' ಹಾಗೆ ಆಡದೇ ಉಳಿದ ಭಾಷಣ. ಪುಣೆಯಲ್ಲಿ ಮಾತ್ರ ಆಡೋಕೆ ಬಿಟ್ಟರು.

ವಿಷಯ, 1935ರ ಕಾಯ್ದೆಯ ಫೆಡರೇಷನ್. ಬ್ರಿಟಿಷ್ ಪ್ರಾಂತ್ಯಗಳು, ರಾಜರ ಸಂಸ್ಥಾನಗಳು ಎರಡೂ ಸೇರಿ ಒಂದು ಒಕ್ಕೂಟ ಆಗೋದು. ಕೇಳೋಕೆ ಚೆಂದ. ಬಾಬಾಸಾಹೇಬರು ಲೆಕ್ಕ ತೆಗೆದು ನೋಡಿದರು. ನಾನೂ ಗುಮಾಸ್ತ, ಲೆಕ್ಕ ಅಂದ್ರೆ ಇಷ್ಟ, ಅದಕ್ಕೇ ಇಲ್ಲಿ ಕೊಡ್ತೀನಿ. ದೇಶದ ಜನಸಂಖ್ಯೆಯಲ್ಲಿ ಸಂಸ್ಥಾನಗಳ ಜನ ಸುಮಾರು ಕಾಲು ಭಾಗ. ಫೆಡರಲ್ ಕೆಳಮನೆಯಲ್ಲಿ 375 ಸ್ಥಾನ, ಅದರಲ್ಲಿ ಸಂಸ್ಥಾನಗಳಿಗೆ 125, ಅಂದರೆ ಮೂರರಲ್ಲಿ ಒಂದು. ಮೇಲ್ಮನೆಯಲ್ಲಿ 260, ಅದರಲ್ಲಿ 104, ಅಂದರೆ ನೂರಕ್ಕೆ ನಲವತ್ತು. ಕಾಲು ಭಾಗ ಜನಕ್ಕೆ ಇಷ್ಟೊಂದು ಸೀಟು ಯಾಕೆ? ಅದು ಜನರಿಗೆ ಕೊಟ್ಟ ಸೀಟು ಅಲ್ಲವೇ ಅಲ್ಲ. ರಾಜರಿಗೆ ಕೊಟ್ಟಿದ್ದು. ಆ ಸ್ಥಾನಗಳಿಗೆ ಚುನಾವಣೆ ಇಲ್ಲ, ರಾಜರು ಹೆಸರು ಬರೆದು ಕಳಿಸಿದವರೇ ಸದಸ್ಯರು.

ಈಗ ನಮ್ಮ ಕನ್ನಡ ಸೀಮೆಗೆ ಇದನ್ನ ಹಚ್ಚಿ ನೋಡಿ. ಆಗ ಕರ್ನಾಟಕ ಅಂತ ಒಂದು ರಾಜ್ಯ ಇರಲಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ ಬಾಂಬೆ ಪ್ರಾಂತ್ಯದಲ್ಲಿ. ಬಳ್ಳಾರಿ, ಮಂಗಳೂರು ಮದ್ರಾಸಿನಲ್ಲಿ. ಗುಲ್ಬರ್ಗ, ರಾಯಚೂರು, ಬೀದರ್ ನಿಜಾಮರ ಕೈಲಿ. ಮೈಸೂರು ಮಹಾರಾಜರದು. ಧಾರವಾಡ ಕಡೆಯ ದಲಿತರಿಗೆ 1937ರ ಚುನಾವಣೆ ಹೊತ್ತಿಗೆ ಪುಣೆ ಒಪ್ಪಂದದ ಮೀಸಲು ಸ್ಥಾನ ಅನ್ನೋದಾದರೂ ಒಂದಿತ್ತು. ಆಸ್ತಿ, ವಿದ್ಯೆ ಇದ್ದವರಿಗಷ್ಟೇ ಓಟು, ಆದರೂ ಒಂದು ಸಂದು ಇತ್ತು. ಅದೇ ಭಾಷೆ ಆಡುವ, ಅದೇ ಕಷ್ಟ ಉಣ್ಣುವ ಗುಲ್ಬರ್ಗದ ನಮ್ಮವರ ಪಾಲಿಗೆ ಫೆಡರಲ್ ಸಭೆಗೆ ಹೋಗೋರನ್ನ ಆರಿಸೋದು ನಿಜಾಮರು. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಆ ಮೈಸೂರಿಗೂ ಕೆಳಮನೆಯಲ್ಲಿ 7, ಮೇಲ್ಮನೆಯಲ್ಲಿ 3 ಸ್ಥಾನ ಗೊತ್ತುಮಾಡಿದ್ದರು. ಹತ್ತೂ ಸ್ಥಾನದ ಹೆಸರು ಕಾಯ್ದೆ ಪ್ರಕಾರ ಅರಮನೆಯಿಂದಲೇ ಬರಬೇಕು. ಹಿಂದಿನ ವರ್ಷ ತಾನೇ, 1938ರ ಏಪ್ರಿಲ್‌ನಲ್ಲಿ, ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದ ಜನರ ಮೇಲೆ ಗುಂಡು ಹಾರಿತ್ತು ಅನ್ನೋದನ್ನೂ ಜೊತೆಗಿಟ್ಟು ಓದಿ.

ಅರ್ಧ ಭಾಗ ಪ್ರಜೆಗಳು ಆರಿಸಿದ್ದು, ಅರ್ಧ ಭಾಗ ರಾಜರು ಕಳಿಸಿದ್ದು, ಹೀಗೆ ಬೆರೆಸಿದ ಒಕ್ಕೂಟ ಸ್ವಾತಂತ್ರ್ಯದ ದಾರಿ ಅಲ್ಲ, ಅದಕ್ಕೆ ಅಡ್ಡಗಲ್ಲು ಅನ್ನೋದು ಆ ಭಾಷಣದ ವಾದ. ರಕ್ಷಣೆ, ವಿದೇಶಾಂಗ ಎರಡೂ ಗವರ್ನರ್ ಜನರಲ್ ಕೈಲೇ ಉಳೀತಿತ್ತು. ಆಮೇಲೆ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಗಿ ವೈಸರಾಯ್ ಫೆಡರೇಷನ್ ಯೋಜನೆಯನ್ನ ಬದಿಗಿಟ್ಟರು. ಆ ಫೆಡರೇಷನ್ ಹುಟ್ಟಲೇ ಇಲ್ಲ. ಹಾಗಂತ ಭಾಷಣ ಹಳೇದಾಯ್ತಾ? ಇಲ್ಲ. ಅಧಿಕಾರ ಹಂಚೋ ಯೋಜನೆ ಯಾವುದೇ ಬರಲಿ, ಸೀಟು ಎಷ್ಟು, ಅದನ್ನ ತುಂಬೋರು ಯಾರು, ನಮಗೆ ಓಟು ಇದೆಯಾ ಅಂತ ಕೇಳೋ ಪಾಠ ಅದು.

ಇದೇ ಪಾಠ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೂ ಬಂತು. ಕರಡಿನಲ್ಲಿ ಹಳ್ಳಿ ಪಂಚಾಯಿತಿಗೆ ಜಾಗ ಇಲ್ಲ ಅಂತ ಹಲವರು ಮುನಿಸಿಕೊಂಡಿದ್ದರು. ಸಂವಿಧಾನದ ಘಟಕ ವ್ಯಕ್ತಿಯೇ ಹೊರತು ಹಳ್ಳಿ ಅಲ್ಲ ಅಂತ ಬಾಬಾಸಾಹೇಬರು ಎದ್ದುನಿಂತು ಹೇಳಿದರು. ಹಳ್ಳಿ ಅಂದರೆ ಸಂಕುಚಿತತೆ, ಅಜ್ಞಾನ, ಕೋಮುಭಾವನೆ ತುಂಬಿದ ಜಾಗ ಅನ್ನೋ ಅರ್ಥದಲ್ಲಿ ಮಾತಾಡಿದರು. ಅವತ್ತು ಬೈಸಿಕೊಂಡರು, ಇವತ್ತಿಗೂ ಬೈಸಿಕೊಳ್ತಿದ್ದಾರೆ. ಆದರೆ ನವೆಂಬರ್ 22ಕ್ಕೆ ಕೆ. ಸಂತಾನಂ ಪಂಚಾಯಿತಿ ಬಗ್ಗೆ ತಿದ್ದುಪಡಿ ತಂದಾಗ ಅದನ್ನ ಒಪ್ಪಿಕೊಂಡರು. ಅದೇ ಈಗಿನ 40ನೇ ವಿಧಿ. ಅವರು ಪಂಚಾಯಿತಿ ವಿರೋಧಿ ಅಲ್ಲ. ಷರತ್ತು ಇಲ್ಲದ ಪಂಚಾಯಿತಿಯ ವಿರೋಧಿ. ಈ ವ್ಯತ್ಯಾಸವನ್ನ ದೊಡ್ಡ ಸಭೆಗಳಲ್ಲಿ ಯಾರೂ ಹೇಳಲ್ಲ.

ಕರ್ನಾಟಕದ ವಿಷಯಕ್ಕೆ ಬಂದರೆ ಅಬ್ದುಲ್ ನಜೀರ್ ಸಾಬ್ ಹೆಸರು ಗೌರವದಿಂದಲೇ ಹೇಳಬೇಕು. ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನಿಸಿಕೊಂಡವರು. ಅವರ 1983ರ ಕಾಯ್ದೆ ಪ್ರಕಾರ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ಆಯ್ತು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಮೀಸಲು ಇತ್ತು, ದೇಶ ಇನ್ನೂ ಯೋಚಿಸ್ತಾ ಇದ್ದಾಗ. ಆದರೆ ಅವಧಿ ಮುಗಿದಾಗ ಮತ್ತೆ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳನ್ನ ಕೂರಿಸಿದರು. ರಾಜ್ಯದ ಕಾಯ್ದೆ ಕೊಟ್ಟಿದ್ದನ್ನ ರಾಜ್ಯ ಸರ್ಕಾರ ಕಸಿದುಕೊಳ್ಳಬಹುದು. ಅದಕ್ಕೇ ಸಂವಿಧಾನದ ತಿದ್ದುಪಡಿ ಬೇಕಾಯ್ತು.

73ನೇ ತಿದ್ದುಪಡಿ 1993ರ ಏಪ್ರಿಲ್ 24ಕ್ಕೆ ಜಾರಿ ಆಯ್ತು. ಅದರ 243ಡಿ ವಿಧಿಯನ್ನ ನಮ್ಮವರು ಬಾಯಿಪಾಠ ಮಾಡಬೇಕು. ಎಸ್ಸಿ ಎಸ್ಟಿಗಳಿಗೆ ಜನಸಂಖ್ಯೆಗೆ ತಕ್ಕ ಸದಸ್ಯ ಸ್ಥಾನ, ಅಷ್ಟೇ ಅಲ್ಲ, ಅಧ್ಯಕ್ಷ ಸ್ಥಾನದಲ್ಲೂ ಮೀಸಲು. 1932ರಲ್ಲಿ ಬಾಂಬೆಯಲ್ಲಿ ಕೇಳಿದ್ದು 61 ವರ್ಷ ಆದಮೇಲೆ ಸಂವಿಧಾನದ ಅಕ್ಷರ ಆಯ್ತು. ಈ ಮೀಸಲು ಸರಿಯಲ್ಲ ಅಂತ ಕೋರ್ಟಿಗೂ ಹೋದರು. 2010ರ ಮೇ ತಿಂಗಳಲ್ಲಿ ಕೆ. ಕೃಷ್ಣಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅಧ್ಯಕ್ಷ ಸ್ಥಾನದ ಮೀಸಲನ್ನ ಎತ್ತಿಹಿಡೀತು.

ಕಾಗದದಲ್ಲಿ ಬಂತು. ನೆಲದಲ್ಲಿ?

ನಮ್ಮಮ್ಮ 1993ರ ಡಿಸೆಂಬರ್ ಚುನಾವಣೆಯಲ್ಲಿ ಮೀಸಲು ಸೀಟಿಗೆ ನಿಂತು ಗೆದ್ದಳು. ಊರಿನ ಹೆಸರು ಬೇಡ. ಮೊದಲನೇ ಮೀಟಿಂಗಿಗೆ ಮದುವೆ ಸೀರೆ ಉಟ್ಟು ಹೋಗಿದ್ದಳು. ಕುರ್ಚಿ ಎಲ್ಲಾ ತುಂಬಿದ್ದವು. "ನೀನು ಇಲ್ಲೇ ಕೂತ್ಕೊಳಮ್ಮ" ಅಂತ ಬಾಗಿಲ ಹತ್ತಿರ ಚಾಪೆ ತೋರಿಸಿದರು. ಎರಡನೇ ಮೀಟಿಂಗಿಗೆ ಕರೀಲೇ ಇಲ್ಲ, ರಿಜಿಸ್ಟರ್ ಮನೆಗೆ ಬಂತು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಹೀಗೇ ಒಂದು ವರ್ಷ. ಆಮೇಲೆ ಒಂದು ದಿನ ಅಮ್ಮ, "ಓದಿ ಹೇಳೋ ತನಕ ಒತ್ತಲ್ಲ" ಅಂದಳು. ನಾನು ಆಗ ಕಾಲೇಜು ಹುಡುಗ. ಓದಿದೆ. ನಮ್ಮ ಕೇರಿಗೆ ಮಂಜೂರಾದ ಚರಂಡಿ ಮೇಲಿನ ಬೀದಿಗೆ ಹೋಗೋ ಠರಾವು ಅದು. ಅಮ್ಮ ಒತ್ತಲಿಲ್ಲ. ಮುಂದಿನ ಮೀಟಿಂಗಿಗೆ ತಾನೇ ಹೋಗಿ ಕುರ್ಚಿ ಎಳೆದುಕೊಂಡು ಕೂತಳು. ಚರಂಡಿ ನಮ್ಮ ಕೇರಿಯಲ್ಲೇ ಆಯ್ತು. ಆರು ತಿಂಗಳು ಊರಲ್ಲಿ ನಮಗೆ ಯಾರೂ ಕೂಲಿಗೆ ಕರೆಯಲಿಲ್ಲ, ಅದೂ ಆಯ್ತು.

ನಮ್ಮದು ಕೂಲಿಯಲ್ಲಿ ಮುಗೀತು. ತಮಿಳುನಾಡಿನ ಮಧುರೈ ಜಿಲ್ಲೆಯ ಮೇಲವಳವು ಪಂಚಾಯಿತಿಯಲ್ಲಿ ಅಧ್ಯಕ್ಷ ಸ್ಥಾನ ಮೀಸಲಾಗಿ ಮುರುಗೇಶನ್ ಗೆದ್ದರು. 1997ರ ಜೂನ್ 30ರಂದು ಅವರನ್ನೂ ಜೊತೆಗಿದ್ದ ಐವರನ್ನೂ ಕಡಿದು ಕೊಂದರು. ಅದೇ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿಯಲ್ಲಿ 1996ರಿಂದ 2006ರ ತನಕ ದಲಿತ ಅಧ್ಯಕ್ಷರು ಕೂರೋಕೆ ಬಿಡಲಿಲ್ಲ. ನಾಮಪತ್ರ ಹಾಕೋಕೆ ಬಿಡ್ತಿರಲಿಲ್ಲ, ಹಾಕಿ ಗೆದ್ದವರಿಂದ ರಾಜೀನಾಮೆ ಬರೆಸ್ತಿದ್ದರು. ಹತ್ತು ವರ್ಷ. ಅಧಿಕಾರ ಹಳ್ಳಿಗೆ ಇಳಿದಿತ್ತು ಅಲ್ವಾ?

ಇದನ್ನೆಲ್ಲ ಬರೆದ ಕೂಡಲೇ ಕೆಲವರು, ಹಾಗಾದರೆ ಎಲ್ಲಾ ದೆಹಲಿಯಲ್ಲೇ ಇರಲಿ ಅಂತೀಯಾ ಅಂತ ಕೇಳ್ತಾರೆ. ಇಲ್ಲ ಸ್ವಾಮಿ. ದೂರದ ದರ್ಬಾರಿನಲ್ಲಿ ನಮ್ಮ ಮಾತು ಕೇಳಿಸಲ್ಲ, ಅದೂ ಗೊತ್ತು. ರಾಜ್ಯಗಳ ಹಕ್ಕಿಗೆ ನಾವೂ ದನಿ ಸೇರಿಸ್ತೀವಿ. ಆಫೀಸಿನಲ್ಲಿ ಇಪ್ಪತ್ತು ವರ್ಷ ಫೈಲು ನೋಡಿದವನು ನಾನು. ಮೇಲಿನ ಟೇಬಲ್‌ನಿಂದ ಕೆಳಗಿನ ಟೇಬಲ್‌ಗೆ ಕೆಲಸ ಇಳಿದ ಮಾತ್ರಕ್ಕೆ ಸಹಿ ಹಾಕೋ ಅಧಿಕಾರ ಇಳಿದ ಹಾಗಲ್ಲ. ಇಳಿದಾಗಲೂ ಯಾವ ಟೇಬಲ್ ಅಂತ ನೋಡಬೇಕು.

ಚುನಾವಣೆಯೇ ನಡೆಯದಿದ್ದರೆ ಆ ಟೇಬಲ್ಲೂ ಇಲ್ಲ. ನಮ್ಮ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ಆಯ್ತು, 2021ಕ್ಕೆ ಅವಧಿ ಮುಗೀತು. ಅವಧಿ ಮುಗಿಯೋದರೊಳಗೆ ಚುನಾವಣೆ ಆಗಬೇಕು ಅಂತ 243ಇ ವಿಧಿ ಹೇಳುತ್ತೆ. ಕ್ಷೇತ್ರ ವಿಂಗಡಣೆ ಅಂದರು, ಮೀಸಲು ಪಟ್ಟಿ ಅಂದರು, ವರ್ಷದ ಮೇಲೆ ವರ್ಷ ಹೋಯ್ತು. ಬಂದ ಸರ್ಕಾರ ಹೋದ ಸರ್ಕಾರ ಎರಡೂ ಅಷ್ಟೇ. ಚುನಾವಣೆ ಇಲ್ಲದೆ ಅಧಿಕಾರಿ ಕೂತರೆ ಮೀಸಲು ಸ್ಥಾನವೂ ಖಾಲಿ ಅಂತಲೇ ಅರ್ಥ. ಅಲ್ಲಿ ಕೂರಬೇಕಿದ್ದ ನಮ್ಮ ಅಕ್ಕ ತಂಗಿಯರು ಮನೆಯಲ್ಲೇ ಇದ್ದಾರೆ. ಆ ಉಪನ್ಯಾಸದಲ್ಲಿ ಈ ಮಾತು ಒಂದು ಸಲವೂ ಬರಲಿಲ್ಲ.

ಹಾಗಾಗಿ ಒಂದು ವಿನಂತಿ. ಇಂಥ ಉಪನ್ಯಾಸಗಳಿಗೆ ನಾವು ಹೋಗಬೇಕು. ಬಾಗಿಲು ಎಲ್ಲರಿಗೂ ತೆರೆದಿರುತ್ತೆ, ನಮ್ಮವರೇ ಹೋಗಲ್ಲ. ಮುಂದಿನ ಸಾಲಿನಲ್ಲಿ ಕೂರಿ. ಬಾಬಾಸಾಹೇಬರ 1939ರ ಭಾಷಣ ಓದಿಕೊಂಡು ಹೋಗಿ. ಸೀಟು ಎಷ್ಟು, ತುಂಬೋರು ಯಾರು, ಚುನಾವಣೆ ಯಾವಾಗ ಅಂತ ಕೇಳಿ. ಸಮಯ ಇಲ್ಲ ಅಂದರೆ ಚಹಾ ಕುಡಿಯೋ ಜಾಗದಲ್ಲಿ ಮತ್ತೆ ಕೇಳಿ.

ಅಮ್ಮನಿಗೆ ಈಗ ಕಣ್ಣು ಮಂಜು. ಇದನ್ನ ಬರೆದು ಅವಳಿಗೆ ಓದಿ ಹೇಳಿದೆ. "ಚರಂಡಿ ಉದ್ದ ಎಷ್ಟು ಅಂತ ಬರಿಲಿಲ್ಲ ನೀನು" ಅಂದಳು. ಎಂಬತ್ತು ಅಡಿ ಅಮ್ಮ, ಬರೆದಿದ್ದೀನಿ.

ಜೈ ಭೀಮ್.